ಗಣಿತದ ಸಾಫ್ಟ್‌ವೇರನ್ನು ಸೋರ್ಸ್‌ನಿಂದ ಕಟ್ಟುವುದು: ಮೊದಲು ಪಾರಿ, ಆಮೇಲೆ ಸೇಜ್

"ಸೇಜ್ ಕಂಪೈಲ್ ಆಗ್ತಿಲ್ಲ. ರಾತ್ರಿಯಿಡೀ ಓಡಿಸಿದ್ರೂ ಬೆಳಿಗ್ಗೆ ನೋಡಿದ್ರೆ ಎರರ್. ಏನ್ ಮಾಡೋದು?" ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಎಂ.ಎಸ್ಸಿ. ಗಣಿತ ಓದುತ್ತಿರುವವರು, ಆಫೀಸಿನ ಕೆಲಸದ ಜೊತೆಗೆ ಓಪನ್ ಸೋರ್ಸ್‌ಗೂ ಏನಾದರೂ ಮಾಡಬೇಕೆಂದಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರ ಇಷ್ಟೇ: ಸೇಜನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಪಾರಿ/ಜಿಪಿ ಎಂಬ ಚಿಕ್ಕ ಗಣಿತ ಸಾಫ್ಟ್‌ವೇರನ್ನು ಸೋರ್ಸ್‌ನಿಂದ ಕಟ್ಟಿ, ಅಂದರೆ ಅದರ ಮೂಲ ಕೋಡನ್ನು ನೀವೇ ಕಂಪೈಲ್ ಮಾಡಿ, ಅದರೊಳಗೆ ಒಂದು ಚಿಕ್ಕ ಫಂಕ್ಷನ್ ಸೇರಿಸಿ, ಅದಕ್ಕೊಂದು ಪರೀಕ್ಷೆ ಬರೆಯಿರಿ. ಅಷ್ಟು ಮಾಡಿದವರಿಗೆ ಸೇಜ್ ಹೆದರಿಕೆ ಹುಟ್ಟಿಸುವುದಿಲ್ಲ.

ಕಾರಣವಿದೆ. ಸೇಜ್ ಒಂದೇ ಪ್ರೋಗ್ರಾಂ ಅಲ್ಲ. ಪಾರಿ, ಗ್ಯಾಪ್, ಸಿಂಗ್ಯುಲರ್, ಮ್ಯಾಕ್ಸಿಮಾ, ಫ್ಲಿಂಟ್ ಹೀಗೆ ಹತ್ತಾರು ಸಾಫ್ಟ್‌ವೇರ್‌ಗಳನ್ನು ಪೈಥಾನ್ ಮೂಲಕ ಒಟ್ಟಿಗೆ ಬಳಸುವ ವ್ಯವಸ್ಥೆ ಅದು. ಒಂದು ಎಡವಿದರೆ ಉಳಿದದ್ದೂ ನಿಲ್ಲುತ್ತದೆ, ಯಾವುದು ಎಡವಿತು ಎಂದು ಹುಡುಕುವುದೇ ಹೊಸಬರಿಗೆ ಕಷ್ಟ. ಪಾರಿ ಹಾಗಲ್ಲ. ಫ್ರಾನ್ಸ್‌ನ ಬೋರ್ಡೋದಲ್ಲಿ ಹೆನ್ರಿ ಕೋಹೆನ್ ಮತ್ತು ಸಂಗಡಿಗರು 1985ರಲ್ಲಿ ಶುರು ಮಾಡಿದ, ಸಂಖ್ಯಾ ಸಿದ್ಧಾಂತಕ್ಕೆಂದೇ (ನಂಬರ್ ಥಿಯರಿ) ಇರುವ ಸಿ ಭಾಷೆಯ ಲೈಬ್ರರಿ ಇದು. ಆ ಲೈಬ್ರರಿಯ ಹೆಸರು ಪಾರಿ, ಅದನ್ನು ಟರ್ಮಿನಲ್‌ನಲ್ಲಿ ಬಳಸಲು ಇರುವ ಕ್ಯಾಲ್ಕ್ಯುಲೇಟರ್ ಜಿಪಿ. ಸಾಧಾರಣ ಲ್ಯಾಪ್‌ಟಾಪಿನಲ್ಲೂ ಕೆಲವೇ ನಿಮಿಷಗಳಲ್ಲಿ ಕಂಪೈಲ್ ಆಗುತ್ತದೆ. ಪಾರಿಯಲ್ಲಿ ನೀವು ಎದುರಿಸುವ ತೊಂದರೆಗಳೇ ಸೇಜ್‌ನಲ್ಲಿ ದೊಡ್ಡದಾಗಿ ಬರುತ್ತವೆ.

ಕೆಳಗಿನ ಕಮ್ಯಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಏನೇನು ಬೇಕು

ಪಾರಿಗೆ 4 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ, 8 ಜಿಬಿ ಧಾರಾಳ. ಇದಕ್ಕೆಂದು ಎಸ್.ಪಿ. ರಸ್ತೆಗೆ ಹೋಗಿ ರ‍್ಯಾಮ್ ಹಾಕಿಸಿಕೊಂಡು ಬರಬೇಕಿಲ್ಲ. ಸೇಜ್‌ಗೆ ಬರುವ ಹೊತ್ತಿಗೆ 16 ಜಿಬಿ ಇದ್ದರೆ ಒಳ್ಳೆಯದು.

ಆಪರೇಟಿಂಗ್ ಸಿಸ್ಟಂ ಉಬುಂಟು ಅಥವಾ ಡೆಬಿಯನ್ ಎಂದಿಟ್ಟುಕೊಳ್ಳೋಣ. ವಿಂಡೋಸ್ ಇದ್ದವರು ಡಬ್ಲ್ಯೂಎಸ್ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡು ಅದರೊಳಗೆ ಉಬುಂಟು ತೆರೆಯಿರಿ. ಪ್ಯಾಕೇಜ್ ಹಾಕುವ ಕಮ್ಯಾಂಡ್ ಆದ ಆಪ್ಟ್ ಮೂಲಕ ಇವು ಬೇಕು: ಬಿಲ್ಡ್-ಎಸೆನ್ಷಿಯಲ್, ಲಿಬ್‌ಜಿಎಂಪಿ-ಡೆವ್, ಲಿಬ್‌ರೀಡ್‌ಲೈನ್-ಡೆವ್, ಬೈಸನ್, ಪರ್ಲ್, ಗಿಟ್.

ಜಿಎಂಪಿ ಎಂದರೆ ದೊಡ್ಡ ಪೂರ್ಣಾಂಕಗಳ ಕೂಡು-ಗುಣಾಕಾರವನ್ನು ವೇಗವಾಗಿ ಮಾಡುವ ಲೈಬ್ರರಿ. ರೀಡ್‌ಲೈನ್ ಇದ್ದರೆ ಜಿಪಿಯಲ್ಲಿ ಬಾಣದ ಕೀಗಳು ಕೆಲಸ ಮಾಡುತ್ತವೆ, ಹಿಂದೆ ಬರೆದ ಸಾಲು ಮತ್ತೆ ಸಿಗುತ್ತದೆ. ಬೈಸನ್ ಬೇಕಾಗುವುದು ಗಿಟ್‌ನಿಂದ ಸೋರ್ಸ್ ತಂದವರಿಗೆ. ಜಿಪಿ ಭಾಷೆಯ ವ್ಯಾಕರಣದಿಂದ ಸಿ ಕೋಡ್ ತಯಾರಿಸುವುದು ಅದರ ಕೆಲಸ.

ಹೆಸರಿನ ಕೊನೆಯ "ಡೆವ್" ಬಿಟ್ಟುಬಿಡುವುದು ಅತಿ ಸಾಮಾನ್ಯ ತಪ್ಪು. "ಜಿಎಂಪಿ ಇದೆಯಲ್ಲ, ಆದರೂ ಸಿಗಲಿಲ್ಲ ಅನ್ನುತ್ತೆ" ಎನ್ನುವವರೆಲ್ಲ ಇಲ್ಲೇ ಎಡವಿರುತ್ತಾರೆ. ಓಡುವ ಲೈಬ್ರರಿ ಇದ್ದರೆ ಸಾಲದು, ಅದರಲ್ಲಿ ಯಾವ ಫಂಕ್ಷನ್ ಇದೆ ಎಂದು ಕಂಪೈಲರ್‌ಗೆ ಹೇಳುವ ಹೆಡರ್ ಫೈಲ್‌ಗಳೂ ಬೇಕು. ಅವು ಡೆವ್ ಪ್ಯಾಕೇಜಿನಲ್ಲಿರುತ್ತವೆ.

ಹಂತ 1: ಜಾಗ ಆರಿಸಿಕೊಳ್ಳಿ

ಹೋಮ್ ಫೋಲ್ಡರಿನ ಒಳಗೆ, ಹೆಸರಿನಲ್ಲಿ ಎಲ್ಲೂ ಖಾಲಿ ಜಾಗ ಇಲ್ಲದ ಫೋಲ್ಡರ್ ಮಾಡಿ. "ಮೈ ಪ್ರಾಜೆಕ್ಟ್ಸ್" ಎಂದು ಎರಡು ಪದಗಳ ಹೆಸರಿಟ್ಟರೆ ಬಿಲ್ಡ್ ಸ್ಕ್ರಿಪ್ಟ್‌ಗಳು ಅದನ್ನು ಎರಡು ಬೇರೆ ಫೋಲ್ಡರ್‌ಗಳೆಂದು ಓದಬಹುದು. ಸೇಜ್ ಅಂತೂ ಅಂಥ ಜಾಗದಲ್ಲಿ ಕಟ್ಟಲು ಒಪ್ಪುವುದೇ ಇಲ್ಲ.

ಡಬ್ಲ್ಯೂಎಸ್ಎಲ್ ಬಳಸುವವರು ಸಿ ಡ್ರೈವಿನೊಳಗೆ ಕಟ್ಟಬೇಡಿ. ಲಿನಕ್ಸ್ ಕಡೆಯಿಂದ ಆ ಡ್ರೈವಿನ ಸಣ್ಣ ಸಣ್ಣ ಫೈಲ್‌ಗಳನ್ನು ಓದುವುದು ಬಹಳ ನಿಧಾನ. ವಿಂಡೋಸ್‌ನ ಗಿಟ್‌ನಿಂದ ಕ್ಲೋನ್ ಮಾಡಿದರೆ, ಅಂದರೆ ಸೋರ್ಸ್‌ನ ಪೂರ್ತಿ ಪ್ರತಿ ತಂದರೆ, ಇನ್ನೊಂದು ಕಾಟ: ಪ್ರತಿ ಸಾಲಿನ ಕೊನೆಗೂ ವಿಂಡೋಸ್ ಶೈಲಿಯ ಕಾಣದ ಅಕ್ಷರವೊಂದು ಸೇರಿಕೊಳ್ಳಬಹುದು. ಆಗ ಸ್ಕ್ರಿಪ್ಟ್ ಮೊದಲ ಸಾಲಿನಲ್ಲೇ "ಬ್ಯಾಡ್ ಇಂಟರ್‌ಪ್ರಿಟರ್" ಎಂದು ನಿಲ್ಲುತ್ತದೆ. ಉಬುಂಟು ಟರ್ಮಿನಲ್ ಒಳಗಿನಿಂದಲೇ ಕ್ಲೋನ್ ಮಾಡಿದರೆ ಈ ಎರಡೂ ಇಲ್ಲ.

ಹಂತ 2: ಸೋರ್ಸ್ ತನ್ನಿ

ಪಾರಿಯ ಗಿಟ್ ರೆಪಾಸಿಟರಿ ಬೋರ್ಡೋ ವಿಶ್ವವಿದ್ಯಾಲಯದ ಸರ್ವರ್‌ನಲ್ಲಿದೆ. ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗಲಿ. ಗಿಟ್‌ನ ಸ್ವಂತ ಪ್ರೋಟೋಕಾಲ್ 9418ನೇ ಪೋರ್ಟ್ ಬಳಸುತ್ತದೆ. ಕಾಲೇಜು, ಆಫೀಸು ನೆಟ್‌ವರ್ಕ್‌ಗಳಲ್ಲಿ ಆ ಪೋರ್ಟ್ ಮುಚ್ಚಿದ್ದರೆ ಕ್ಲೋನ್ ಯಾವ ಎರರೂ ಕೊಡದೆ ಸುಮ್ಮನೆ ಕಾಯುತ್ತಾ ಕೂರುತ್ತದೆ.

ಮೊಬೈಲ್ ಹಾಟ್‌ಸ್ಪಾಟಿನಲ್ಲಿರುವವರು, ಕಟ್ಟಿ ನೋಡಿದರೆ ಸಾಕು ಎನ್ನುವವರು ಟಾರ್ ಫೈಲನ್ನೇ (ಇಡೀ ಸೋರ್ಸ್ ಒಂದೇ ಕಟ್ಟಾಗಿರುವ ಫೈಲ್) ಇಳಿಸಿಕೊಳ್ಳಿ. ಆವೃತ್ತಿಯ ಮಧ್ಯದ ಅಂಕಿ ನೋಡಿ: 2.15, 2.17 ಹೀಗೆ ಬೆಸ ಇದ್ದರೆ ಸ್ಥಿರ ಆವೃತ್ತಿ, ಸಮ ಇದ್ದರೆ ಪ್ರಯೋಗದ್ದು. ಬೇರೆ ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಇದು ತಿರುವುಮುರುವು. ಕೋಡ್ ಬದಲಿಸುವ ಉದ್ದೇಶವಿದ್ದರೆ ಗಿಟ್ ಪ್ರತಿಯೇ ಬೇಕು.

ಹಂತ 3: ಕಾನ್ಫಿಗರ್

ಸೋರ್ಸ್ ಫೋಲ್ಡರಿಗೆ ಹೋಗಿ ./ಕಾನ್ಫಿಗರ್ ಕೊಡಿ. ಯಂತ್ರದಲ್ಲಿ ಏನೇನಿದೆ ಎಂದು ಹುಡುಕಿ, ಅದಕ್ಕೆ ತಕ್ಕಂತೆ ಬಿಲ್ಡ್ ಸಿದ್ಧಪಡಿಸುವ ಸ್ಕ್ರಿಪ್ಟ್ ಇದು. ಪಾರಿಯಲ್ಲಿ ಇದರ ಮೊದಲ ಅಕ್ಷರ ಕ್ಯಾಪಿಟಲ್ ಸಿ. ಬೇರೆ ಕಡೆಯ ಅಭ್ಯಾಸದಂತೆ ಚಿಕ್ಕಕ್ಷರದಲ್ಲಿ ಕೊಟ್ಟರೆ ಅಂಥ ಫೈಲೇ ಇಲ್ಲ ಎನ್ನುತ್ತದೆ. ಎರಡು ಆಯ್ಕೆಗಳು ಉಪಯುಕ್ತ:

--ಎಂಟಿ=ಪಿಥ್ರೆಡ್ ಕೊಟ್ಟರೆ ಹಲವು ಕೋರ್‌ಗಳಲ್ಲಿ ಏಕಕಾಲಕ್ಕೆ ಲೆಕ್ಕ ಮಾಡುವ ಸೌಲಭ್ಯ ಬರುತ್ತದೆ.

--ಪ್ರಿಫಿಕ್ಸ್= ಎಂದು ಬರೆದು ಮುಂದೆ ನಿಮ್ಮ ಹೋಮ್‌ನ ಒಂದು ಫೋಲ್ಡರ್ ಕೊಟ್ಟರೆ ಅಲ್ಲೇ ಇನ್‌ಸ್ಟಾಲ್ ಆಗುತ್ತದೆ. ಲ್ಯಾಬ್ ಯಂತ್ರದಲ್ಲಿ ಸುಡೋ (ಅಡ್ಮಿನ್) ಅನುಮತಿ ಇಲ್ಲದವರಿಗೆ ಇದೇ ದಾರಿ. ಆ ಯಂತ್ರದಲ್ಲಿ ಜಿಎಂಪಿಯ ಹೆಡರ್ ಕೂಡ ಇಲ್ಲವೇ? ಜಿಎಂಪಿಯನ್ನೂ ಸೋರ್ಸ್‌ನಿಂದ ನಿಮ್ಮ ಹೋಮ್‌ನಲ್ಲೇ ಕಟ್ಟಿ, --ವಿತ್-ಜಿಎಂಪಿ= ಎಂದು ಆ ಜಾಗ ತೋರಿಸಿ. ಜಿಎಂಪಿ ಕಟ್ಟಿದ ಮೇಲೆ ಮೇಕ್ ಚೆಕ್ ತಪ್ಪಿಸಬೇಡಿ. ಕಂಪೈಲರ್‌ನ ದೋಷದಿಂದ ತಪ್ಪು ಲೆಕ್ಕ ಬರುವುದುಂಟು ಎಂದು ಅದನ್ನು ಬರೆದವರೇ ಎಚ್ಚರಿಸಿದ್ದಾರೆ.

ಕಾನ್ಫಿಗರ್ ಮುಗಿದ ಮೇಲೆ ಪರದೆಯ ಮೇಲೆ ಬಂದದ್ದನ್ನು ಓದಿ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಲಿ. ಜಿಎಂಪಿ ಸಿಗದಿದ್ದರೂ ಕಾನ್ಫಿಗರ್ ನಿಲ್ಲುವುದಿಲ್ಲ. ಪಾರಿಯ ಸ್ವಂತ ಅಂಕಗಣಿತವನ್ನು ಆರಿಸಿಕೊಂಡು ಮುಂದೆ ಹೋಗುತ್ತದೆ. ಉತ್ತರ ಸರಿಯೇ ಬರುತ್ತದೆ, ಆದರೆ ಲಕ್ಷಾಂತರ ಅಂಕಿಗಳ ಸಂಖ್ಯೆಗಳಲ್ಲಿ ಬಹಳ ನಿಧಾನ. ರೀಡ್‌ಲೈನ್ ಸಿಗದಿದ್ದರೂ ಅಷ್ಟೇ. ಆಮೇಲೆ ಜಿಪಿಯಲ್ಲಿ ಮೇಲಿನ ಬಾಣ ಒತ್ತಿದಾಗ ಹಿಂದಿನ ಸಾಲಿನ ಬದಲು ಚೌಕ ಆವರಣದ ವಿಚಿತ್ರ ಅಕ್ಷರಗಳು ಮೂಡಿದರೆ ಕಾರಣ ಇದು. ಬಿಟ್ಟುಹೋದ ಡೆವ್ ಪ್ಯಾಕೇಜ್ ಹಾಕಿ, ಓಲಿನಕ್ಸ್ ಎಂದು ಶುರುವಾಗುವ ಬಿಲ್ಡ್ ಫೋಲ್ಡರನ್ನು ಅಳಿಸಿ, ಕಾನ್ಫಿಗರ್ ಮತ್ತೆ ಕೊಡಿ. ಪ್ಯಾಕೇಜ್ ಹಾಕಿದ ಮಾತ್ರಕ್ಕೆ ಹಳೆಯ ಬಿಲ್ಡ್ ಸರಿಹೋಗುವುದಿಲ್ಲ.

ಹಂತ 4: ಮೇಕ್

ಮೇಕ್ -ಜೆ4 ಜಿಪಿ. ಇಲ್ಲಿ 4 ಎಂದರೆ ಏಕಕಾಲಕ್ಕೆ ಎಷ್ಟು ಫೈಲ್ ಕಂಪೈಲ್ ಮಾಡಬೇಕೆಂಬುದು. ನಿಮ್ಮಲ್ಲಿರುವ ಕೋರ್‌ಗಳ ಸಂಖ್ಯೆ ಎನ್‌ಪ್ರಾಕ್ ಎಂದರೆ ಗೊತ್ತಾಗುತ್ತದೆ. ಮೇಕ್ ಆಲ್ ಎಂದು ಕೊಡುವವರೇ ಹೆಚ್ಚು, ಆದರೆ ಅದು ಕೈಪಿಡಿಗಳನ್ನೂ ಕಟ್ಟಲು ಹೊರಡುತ್ತದೆ. ಅದಕ್ಕೆ ಟೆಕ್ ಎಂಬ ಅಕ್ಷರ ಜೋಡಣೆಯ ಸಾಫ್ಟ್‌ವೇರ್ ಬೇಕು, ಇಲ್ಲದಿದ್ದರೆ ಕೊನೆಯಲ್ಲಿ ಎರರ್ ಬಂದು, ಚೆನ್ನಾಗಿ ಕಂಪೈಲ್ ಆದದ್ದೂ ಕೆಟ್ಟಿತೆಂದು ಭ್ರಮೆಯಾಗುತ್ತದೆ. ಮೊದಲ ಸಲ ಜಿಪಿ ಒಂದೇ ಸಾಕು.

ಎರರ್ ಬಂದರೆ ಕೊನೆಯ ಸಾಲು ನೋಡಬೇಡಿ. "ಎರರ್ 2" ಎನ್ನುವ ಆ ಸಾಲು, ಕೆಲಸ ನಿಂತಿತು ಎನ್ನುವುದನ್ನಷ್ಟೇ ಹೇಳುತ್ತದೆ. ಮೇಲಕ್ಕೆ ಹೋಗಿ, ಮೊಟ್ಟಮೊದಲು "ಎರರ್" ಎಂದಿರುವ ಸಾಲನ್ನು ಹುಡುಕಿ. ಹಲವು ಕೆಲಸ ಒಟ್ಟಿಗೆ ಓಡುವಾಗ ಎಲ್ಲರ ಸಂದೇಶವೂ ಕಲಸಿಹೋಗಿರುತ್ತದೆ. ಹಾಗಾಗಿ -ಜೆ ತೆಗೆದು ಇನ್ನೊಮ್ಮೆ ಮೇಕ್ ಕೊಟ್ಟರೆ ತಪ್ಪಾದ ಫೈಲ್ ಒಂದೇ ಕಣ್ಣೆದುರು ನಿಲ್ಲುತ್ತದೆ. ಸಹಾಯ ಕೇಳುವಾಗಲೂ ಆ ಭಾಗವನ್ನೇ ಅಂಟಿಸಿ, ಸ್ಕ್ರೀನ್‌ಶಾಟ್ ಬೇಡ.

ಮಳೆಗಾಲದ ಸಂಜೆ ಕರೆಂಟ್ ಹೋಗಿ ಡೆಸ್ಕ್‌ಟಾಪ್ ಆರಿದರೆ ಗಾಬರಿ ಬೇಡ, ಮೇಕ್ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆದರೆ ಆ ಕ್ಷಣದಲ್ಲಿ ಬರೆಯುತ್ತಿದ್ದ ಆಬ್ಜೆಕ್ಟ್ ಫೈಲ್ (ಒಂದು ಸಿ ಫೈಲ್ ಕಂಪೈಲ್ ಆಗಿ ಬರುವ .ಒ ಫೈಲ್) ಅರ್ಧವೇ ಉಳಿದಿರಬಹುದು. ತಾರೀಖು ಹೊಸದಾದ್ದರಿಂದ ಮೇಕ್ ಅದನ್ನು ಪೂರ್ತಿಯಾದದ್ದೆಂದೇ ನಂಬುತ್ತದೆ. ಕೊನೆಗೆ ಎಲ್ಲವನ್ನೂ ಜೋಡಿಸುವಾಗ "ಫೈಲ್ ಟ್ರಂಕೇಟೆಡ್" ಎಂಬ ದೂರು ಬರುತ್ತದೆ. ಹೆಸರು ಹೇಳಿರುವ ಆ .ಒ ಫೈಲ್ ಒಂದನ್ನು ಅಳಿಸಿ ಮತ್ತೆ ಮೇಕ್ ಕೊಡಿ. ಇಡೀ ಫೋಲ್ಡರ್ ಅಳಿಸಬೇಕಿಲ್ಲ.

ಹಂತ 5: ಸರಿಯಾಗಿದೆಯೇ ನೋಡಿ

ಅದೇ ಫೋಲ್ಡರಿನಲ್ಲಿ ./ಜಿಪಿ ಎಂದು ತೆರೆಯಿರಿ. ಮೇಲೆ ಬರುವ ಕೆಲವು ಸಾಲುಗಳೇ ಜಾತಕ. ಒಂದರಲ್ಲಿ ಆವೃತ್ತಿ, ಮುಂದಿನದರಲ್ಲಿ "ಜಿಎಂಪಿ ಕರ್ನಲ್" ಎಂಬ ಮಾತು, ಮುಂದೆ ಥ್ರೆಡಿಂಗ್ ಎಂಜಿನ್ ಯಾವುದು, ಆಮೇಲೆ ರೀಡ್‌ಲೈನ್ ಇದೆಯೇ ಇಲ್ಲವೇ. ನೀವು ಕೇಳಿದ್ದೆಲ್ಲ ಬಂದಿದೆಯೇ ಎಂದು ಇಲ್ಲಿ ಖಚಿತಪಡಿಸಿಕೊಳ್ಳಿ.

ಮೊದಲ ಲೆಕ್ಕಕ್ಕೆ ಭಾಸ್ಕರಾಚಾರ್ಯರ ಹೆಸರಾಂತ ಸಮಸ್ಯೆಯನ್ನೇ ತೆಗೆದುಕೊಳ್ಳಿ: x² − 61y² = 1. ಹನ್ನೆರಡನೇ ಶತಮಾನದಲ್ಲಿ ಚಕ್ರವಾಳ ವಿಧಾನದಿಂದ ಅವರು ಕಂಡುಕೊಂಡ ಅತಿ ಚಿಕ್ಕ ಧನ ಪೂರ್ಣಾಂಕ ಉತ್ತರ x = 1766319049, y = 226153980. ಜಿಪಿಯಲ್ಲಿ ಕ್ವಾಡ್‌ಯೂನಿಟ್(61) ಕೊಟ್ಟು, ಅದರ 6ನೇ ಘಾತ ತೆಗೆಯಿರಿ. 1540165069 ಮತ್ತು 452307960 ಸೇರಿದ ಉತ್ತರ ಬರುತ್ತದೆ, ಎರಡನೆಯದರ ಪಕ್ಕ ಡಬ್ಲ್ಯೂ ಇರುತ್ತದೆ. ಡಬ್ಲ್ಯೂ ಎಂದರೆ (1 + √61)/2. ಬಿಡಿಸಿ ಬರೆದರೆ ಭಾಸ್ಕರರ ಎರಡು ಸಂಖ್ಯೆಗಳೇ ಸಿಗುತ್ತವೆ. 6ನೇ ಘಾತ ಏಕೆಂದರೆ, ಕ್ವಾಡ್‌ಯೂನಿಟ್ ಕೊಡುವ ಮೂಲ ಘಟಕದಲ್ಲಿ 2ರ ಛೇದವಿದೆ ಮತ್ತು ಅದರ ನಾರ್ಮ್, ಅಂದರೆ √61ರ ಚಿಹ್ನೆ ಬದಲಿಸಿದ ತನ್ನ ಜೋಡಿಯೊಂದಿಗಿನ ಗುಣಲಬ್ಧ, −1. ಛೇದ ಕಳೆಯಲು ಘನ, ಚಿಹ್ನೆ ಸರಿಪಡಿಸಲು ವರ್ಗ.

ಇದು ಮನಸ್ಸಿನ ಸಮಾಧಾನಕ್ಕೆ. ನಿಜವಾದ ಪರೀಕ್ಷೆ ಮೇಕ್ ಬೆಂಚ್. ಒಂದೊಂದು ಪರೀಕ್ಷೆಯ ಮುಂದೆಯೂ ಸಮಯ ಬರುತ್ತಾ ಹೋಗುತ್ತದೆ. ಎಲ್ಲಾದರೂ "ಬಗ್" ಎಂದು ಬಂದರೆ ಬಿಲ್ಡ್ ಫೋಲ್ಡರಿನಲ್ಲಿ .ಡಿಫ್ ಎಂದು ಮುಗಿಯುವ ಫೈಲ್ ಇರುತ್ತದೆ. ಬರಬೇಕಾದ ಉತ್ತರಕ್ಕೂ ಬಂದ ಉತ್ತರಕ್ಕೂ ಇರುವ ವ್ಯತ್ಯಾಸ ಅದರಲ್ಲಿದೆ.

ಹಂತ 6: ಇನ್‌ಸ್ಟಾಲ್, ಮತ್ತು ಯಾವ ಜಿಪಿ ಓಡುತ್ತಿದೆ ಎಂಬ ಗೊಂದಲ

ಮೇಕ್ ಇನ್‌ಸ್ಟಾಲ್ ಕೊಡಿ, ಪ್ರಿಫಿಕ್ಸ್ ಕೊಡದಿದ್ದವರು ಮುಂದೆ ಸುಡೋ ಸೇರಿಸಿ. ಹಿಂದೆಂದಾದರೂ ಆಪ್ಟ್‌ನಿಂದ ಪಾರಿ ಹಾಕಿದ್ದರೆ ಈಗ ಯಂತ್ರದಲ್ಲಿ ಎರಡು ಜಿಪಿ ಇರುತ್ತವೆ. ವಿಚ್ ಜಿಪಿ ಎಂದು ಕೇಳಿ ನೋಡಿ. "ಕೋಡ್ ಬದಲಿಸಿದೆ, ಏನೂ ಬದಲಾಗಲಿಲ್ಲ" ಎನ್ನುವವರು ಬಹುಪಾಲು ಹಳೆಯದನ್ನೇ ಓಡಿಸುತ್ತಿರುತ್ತಾರೆ.

ಟರ್ಮಿನಲ್‌ಗೆ ಓಹ್-ಮೈ-ಝಡ್‌ಎಸ್‌ಎಚ್ ಎಂಬ ಸಜ್ಜಿಕೆ ಬಳಸುವವರಿಗೆ ವಿಶೇಷ ಎಚ್ಚರಿಕೆ. ಅದರ ಗಿಟ್ ಪ್ಲಗಿನ್‌ನಲ್ಲಿ ಜಿಪಿ ಎನ್ನುವುದು ಗಿಟ್ ಪುಷ್‌ನ ಅಡ್ಡಹೆಸರು. ಕ್ಯಾಲ್ಕ್ಯುಲೇಟರ್ ತೆರೆಯಲು ಹೋಗಿ ಅರ್ಧಂಬರ್ಧ ಕೋಡನ್ನು ಆಫೀಸಿನ ಸರ್ವರ್‌ಗೆ ತಳ್ಳಿಬಿಟ್ಟೀರಿ. ಆ ಅಡ್ಡಹೆಸರನ್ನು ಮೊದಲೇ ತೆಗೆದುಹಾಕಿ.

ಹಂತ 7: ಸ್ಟ್ಯಾಕ್ ಹೊಂದಿಸಿ

ಪಾರಿ ತನ್ನೆಲ್ಲ ಲೆಕ್ಕವನ್ನೂ ಒಂದೇ ದೊಡ್ಡ ಸ್ಮೃತಿಭಾಗದಲ್ಲಿ ಮಾಡುತ್ತದೆ. ಅದೇ ಪಾರಿ ಸ್ಟ್ಯಾಕ್. ಶುರುವಿನ ಗಾತ್ರ 80 ಲಕ್ಷ ಬೈಟ್, ಸುಮಾರು 8 ಎಂಬಿ. ಸ್ವಲ್ಪ ದೊಡ್ಡ ಲೆಕ್ಕಕ್ಕೆ "ದಿ ಪಾರಿ ಸ್ಟ್ಯಾಕ್ ಓವರ್‌ಫ್ಲೋಸ್" ಎಂದು ನಿಲ್ಲುತ್ತದೆ. ಇದು ಬಗ್ ಅಲ್ಲ. ಹೋಮ್‌ನಲ್ಲಿ .ಜಿಪಿಆರ್‌ಸಿ ಎಂಬ ಫೈಲ್ ಮಾಡಿ, ಪಾರಿಸೈಜ್‌ಮ್ಯಾಕ್ಸ್ = 2ಜಿ ಎಂಬ ಒಂದು ಸಾಲು ಬರೆಯಿರಿ. ಅಷ್ಟೂ ರ‍್ಯಾಮ್ ಕೂಡಲೇ ಖರ್ಚಾಗುವುದಿಲ್ಲ, ಬೇಕಾದಾಗ ಅಲ್ಲಿಯವರೆಗೆ ಬೆಳೆಯಬಹುದು ಎಂದಷ್ಟೇ. ಹಲವು ಥ್ರೆಡ್ (ಏಕಕಾಲಕ್ಕೆ ಓಡುವ ಲೆಕ್ಕದ ಎಳೆಗಳು) ಬಳಸುವಾಗ ಪ್ರತಿ ಥ್ರೆಡ್‌ಗೂ ಬೇರೆ ಸ್ಟ್ಯಾಕ್ ಎಂಬುದನ್ನು ಮರೆಯಬೇಡಿ. ಜೊತೆಗೆ, ಹೊರಗಿನ ವೇರಿಯಬಲ್ ಥ್ರೆಡ್‌ಗಳಿಗೆ ಕಾಣಬೇಕಾದರೆ ಮೊದಲು ಎಕ್ಸ್‌ಪೋರ್ಟ್ ಮಾಡಬೇಕು.

ಹಂತ 8: ನಿಮ್ಮದೇ ಒಂದು ಫಂಕ್ಷನ್

ಇಲ್ಲಿಯವರೆಗಿನದು ಸಿದ್ಧತೆ. ಐಐಎಸ್‌ಸಿಯ ಗಣಿತ ವಿಭಾಗವೂ ಮೈಸೂರು ರಸ್ತೆಯ ಐಎಸ್‌ಐ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಕೂಡ ಇರುವ ಊರು ಬೆಂಗಳೂರು. ಕೋಡ್ ಬರೆಯುವವರಂತೂ ಓಣಿಗೊಬ್ಬರು. ಗಣಿತ ಬಲ್ಲ ಕೈ, ಕೋಡ್ ಬಲ್ಲ ಕೈ ಎರಡೂ ಬೇಕಾಗುವ ಕೆಲಸ ಈ ಹಂತದ್ದು, ಜೊತೆಗೊಬ್ಬರನ್ನು ಹುಡುಕಿಕೊಂಡರೆ ಇನ್ನೂ ಒಳ್ಳೆಯದು.

ಅಭ್ಯಾಸಕ್ಕೆ ಹರ್ಷದ ಸಂಖ್ಯೆ ತೆಗೆದುಕೊಳ್ಳೋಣ. ತನ್ನ ಅಂಕಿಗಳ ಮೊತ್ತದಿಂದಲೇ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗೆ ಗಣಿತಜ್ಞ ಡಿ.ಆರ್. ಕಾಪ್ರೇಕರ್ ಇಟ್ಟ ಹೆಸರು ಇದು. ಅವರ ಹೆಸರಿನಿಂದಲೇ ಪ್ರಸಿದ್ಧವಾದ 6174 ನೋಡಿ: ಅಂಕಿಗಳ ಮೊತ್ತ 18, 6174 ÷ 18 = 343. ಫಂಕ್ಷನ್ ಹೆಸರು ಇಸ್‌ಹರ್ಷದ್ ಎಂದಿರಲಿ. ನಾಲ್ಕು ಕಡೆ ಕೈಯಾಡಿಸಬೇಕು.

ಒಂದು, ಸಿ ಕೋಡ್. ಬೇಸ್‌ಮ್ಯಾತ್ ಫೋಲ್ಡರಿನ ಸೂಕ್ತ ಫೈಲಿನಲ್ಲಿ ಬರೆಯಿರಿ. ಒಳಗೆ ಬರುವ ಸಂಖ್ಯೆಯ ಬಗೆ ಜೆನ್. ಪಾರಿಯ ಎಲ್ಲ ವಸ್ತುಗಳಿಗೂ ಇದೊಂದೇ ಬಗೆ. ಹೊರಗೆ ಕೊಡುವುದು ಲಾಂಗ್, 1 ಅಥವಾ 0. ಮೊದಲು ಎವಿಎಂಎ, ಅಂದರೆ ಸ್ಟ್ಯಾಕಿನ ಈಗಿನ ತುದಿಯನ್ನು, ಗುರುತಿಟ್ಟುಕೊಳ್ಳಿ. ಬಂದದ್ದು ಪೂರ್ಣಾಂಕವಲ್ಲದಿದ್ದರೆ ಟೈಪ್ ಎರರ್ ಕೊಡಿ. ಸೊನ್ನೆ ಅಥವಾ ಋಣವಾದರೆ 0 ಎಂದು ಹಿಂತಿರುಗಿ. ಇದನ್ನು ಬಿಟ್ಟರೆ ಸೊನ್ನೆಯ ಅಂಕಿಗಳ ಮೊತ್ತವೂ ಸೊನ್ನೆಯಾಗಿ, ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಆಮೇಲೆ ಸಮ್‌ಡಿಜಿಟ್ಸ್‌ನಿಂದ ಮೊತ್ತ, ಡಿವಿಡಿಐಐನಿಂದ ಭಾಗವಾಗುತ್ತದೆಯೇ ಎಂಬ ಪರೀಕ್ಷೆ. ಉತ್ತರವನ್ನು ಜಿಸಿ_ಲಾಂಗ್ ಮೂಲಕ ಕೊಡಿ. ಅದು ಸ್ಟ್ಯಾಕನ್ನು ಗುರುತಿಟ್ಟ ಜಾಗಕ್ಕೆ ಮರಳಿಸಿ, ಬೆಲೆಯನ್ನು ಹಿಂದಿರುಗಿಸುತ್ತದೆ.

ಈ ಕೊನೆಯ ಕೆಲಸ ಮರೆತರೆ ಜಿಪಿಯಲ್ಲಿ ಓಡಿಸಿದಾಗ ಏನೂ ಗೊತ್ತಾಗದೆ ಹೋಗಬಹುದು, ಏಕೆಂದರೆ ಜಿಪಿ ತಾನೇ ಹಿಂದಿನಿಂದ ಗುಡಿಸುತ್ತಾ ಬರುತ್ತದೆ. ಇನ್ನೊಂದು ಸಿ ಫಂಕ್ಷನ್ ಇದನ್ನು ಲೂಪಿನಲ್ಲಿ ಕೋಟಿ ಸಲ ಕರೆದಾಗ ಸ್ಟ್ಯಾಕ್ ತುಂಬಿ ಬೀಳುತ್ತದೆ. ನಿಮ್ಮ ಫಂಕ್ಷನ್ ಲಾಂಗ್ ಬದಲು ಜೆನ್ ಕೊಡುವಂಥದ್ದಾದರೆ ಇನ್ನೂ ಜಾಗ್ರತೆ ಬೇಕು. ಉತ್ತರವೂ ಅದೇ ಸ್ಟ್ಯಾಕಿನಲ್ಲಿರುವುದರಿಂದ, ಅದನ್ನು ಉಳಿಸಿಕೊಳ್ಳದೆ ತುದಿಯನ್ನು ಹಿಂದಕ್ಕೆಳೆದರೆ ಮುಂದಿನ ಲೆಕ್ಕ ಅದರ ಮೇಲೆಯೇ ಬರೆದುಬಿಡುತ್ತದೆ. ಆಗೊಮ್ಮೆ ಸರಿ ಉತ್ತರ, ಈಗೊಮ್ಮೆ ಕಸ. ಉತ್ತರವನ್ನು ಉಳಿಸಿಕೊಂಡು ಉಳಿದದ್ದನ್ನು ಒರೆಸುವ ಫಂಕ್ಷನ್‌ಗಳಿವೆ. ಅದೇ ಫೈಲಿನ ಅಕ್ಕಪಕ್ಕದ ಕೋಡ್ ಯಾವುದನ್ನು ಬಳಸಿದೆಯೋ ಅದನ್ನೇ ಬಳಸಿ.

ಎರಡು, ಪಾರಿಡೆಕ್ಲ್ ಎಂಬ ಹೆಡರ್ ಫೈಲಿನಲ್ಲಿ ಒಂದು ಸಾಲಿನ ಘೋಷಣೆ.

ಮೂರು, ಫಂಕ್ಷನ್ಸ್ ಫೋಲ್ಡರಿನ ಸಂಖ್ಯಾ ಸಿದ್ಧಾಂತದ ಭಾಗದಲ್ಲಿ ಇಸ್‌ಹರ್ಷದ್ ಎಂಬ ಪಠ್ಯ ಫೈಲ್. ಫಂಕ್ಷನ್, ಕ್ಲಾಸ್, ಸೆಕ್ಷನ್, ಸಿ-ನೇಮ್, ಪ್ರೋಟೋಟೈಪ್, ಹೆಲ್ಪ್, ಡಾಕ್ ಎಂಬ ಸಾಲುಗಳು ಅದರಲ್ಲಿರಬೇಕು. ಪ್ರೋಟೋಟೈಪ್ ಸಾಲು ಚಿಕ್ಕದು, ಪೆಟ್ಟು ದೊಡ್ಡದು. ನಮ್ಮ ಫಂಕ್ಷನ್‌ಗೆ ಅದು ಎರಡೇ ಅಕ್ಷರ: ಚಿಕ್ಕ ಎಲ್, ದೊಡ್ಡ ಜಿ. ಚಿಕ್ಕ ಎಲ್ ಎಂದರೆ ಹೊರಬರುವುದು ಲಾಂಗ್, ದೊಡ್ಡ ಜಿ ಎಂದರೆ ಒಳಗೆ ಒಂದು ಜೆನ್. ಆ ಎಲ್ ಬಿಟ್ಟುಹೋದರೆ, ಬರುವ 1 ಎಂಬ ಬೆಲೆಯನ್ನು ಜಿಪಿ ಸ್ಮೃತಿಯ ವಿಳಾಸ ಎಂದುಕೊಂಡು ಅಲ್ಲಿ ಓದಲು ಹೋಗುತ್ತದೆ. ಫಲ ಸೆಗ್ಮೆಂಟೇಶನ್ ಫಾಲ್ಟ್. ಸಿ ಕೋಡನ್ನು ಗಂಟೆಗಟ್ಟಲೆ ತಡಕಾಡುವ ಮೊದಲು ಈ ಸಾಲು ನೋಡಿ.

ನಾಲ್ಕು, ಪರೀಕ್ಷೆ. ಟೆಸ್ಟ್ ಫೋಲ್ಡರಿನ ಇನ್ ಒಳಗೆ ಪ್ರಶ್ನೆಗಳು, 32 ಎಂಬ ಫೋಲ್ಡರಿನಲ್ಲಿ ಬರಬೇಕಾದ ಉತ್ತರಗಳು. ನಿಮ್ಮ ಯಂತ್ರ 64 ಬಿಟ್‌ನದಾದರೂ ಉತ್ತರ ಇರಬೇಕಾದದ್ದು 32ರಲ್ಲೇ. 6174 ಮತ್ತು 1729ಕ್ಕೆ 1 ಬರಬೇಕು, 19ಕ್ಕೆ 0. ಸೊನ್ನೆ, −18, 1.5 ಇವನ್ನೂ ಸೇರಿಸಿ. ಸುಲಭದ ಸಂಖ್ಯೆಗಳಲ್ಲಿ ಯಾರ ಕೋಡೂ ಕೆಡುವುದಿಲ್ಲ. ಉತ್ತರಗಳನ್ನು ಕೈಯಿಂದ ಲೆಕ್ಕ ಹಾಕಿ ಬರೆಯಿರಿ. ಪ್ರೋಗ್ರಾಂ ಕೊಟ್ಟದ್ದನ್ನೇ ನಕಲು ಮಾಡಿ ಇಟ್ಟರೆ ತಪ್ಪೂ ಸರಿ ಎಂದೇ ದಾಖಲಾಗುತ್ತದೆ. ಆಮೇಲೆ ಮೇಕ್ ಟೆಸ್ಟ್- ಎಂದು ಬರೆದು ಮುಂದೆ ನಿಮ್ಮ ಪರೀಕ್ಷೆಯ ಹೆಸರು.

ಹೊಸ ಸಿ ಫೈಲನ್ನೇ ಸೇರಿಸಿದ್ದರೆ ಮೇಕ್‌ಗೆ ಮುಂಚೆ ಕಾನ್ಫಿಗರ್ ಮತ್ತೆ ಓಡಿಸಿ. ಕುಸಿಯುತ್ತಿದ್ದರೆ ./ಕಾನ್ಫಿಗರ್ -ಜಿ ಕೊಡಿ. ಡಿಬಿಜಿ ಎಂದು ಮುಗಿಯುವ ಬೇರೆ ಫೋಲ್ಡರಿನಲ್ಲಿ ಡಿಬಗರ್‌ಗೆ ತಕ್ಕ ಬಿಲ್ಡ್ ಆಗುತ್ತದೆ, ನಿಮ್ಮ ಮೂಲ ಬಿಲ್ಡ್ ಹಾಗೇ ಇರುತ್ತದೆ.

ಇಸ್‌ಹರ್ಷದ್ ಅಭ್ಯಾಸಕ್ಕೆ ಮಾತ್ರ, ಪಾರಿಯವರಿಗೆ ಕಳಿಸಬೇಡಿ. ಜಿಪಿಯಲ್ಲಿ ಒಂದೇ ಸಾಲಿನಲ್ಲಿ ಆಗುವ ಕೆಲಸಕ್ಕೆ ಅವರು ಹೊಸ ಫಂಕ್ಷನ್ ಸೇರಿಸಿಕೊಳ್ಳುವುದು ಕಷ್ಟ. ಕಳಿಸಲು ತಕ್ಕದ್ದು ಬೇರೆ: ಕೈಪಿಡಿಯ ಉದಾಹರಣೆಯಲ್ಲಿ ಕಂಡ ತಪ್ಪು, ಪರೀಕ್ಷೆಯೇ ಇಲ್ಲದ ಒಂದು ಸಂದರ್ಭ, ತಪ್ಪು ಉತ್ತರ ಕೊಡುವ ಒಂದು ಸಂಖ್ಯೆ. ಗಿಟ್ ಫಾರ್ಮ್ಯಾಟ್-ಪ್ಯಾಚ್‌ನಿಂದ ಪ್ಯಾಚ್, ಅಂದರೆ ಬದಲಾದ ಸಾಲುಗಳಷ್ಟೇ ಇರುವ ಫೈಲ್, ತಯಾರಿಸಿ ಇಮೇಲ್‌ನಲ್ಲಿ ಕಳಿಸುವುದು ಅಲ್ಲಿಯ ರೂಢಿ. ಜಿಪಿ ತೆರೆದಾಗ ಬರುವ ಆ ಮೊದಲ ಸಾಲುಗಳನ್ನೂ ಪತ್ರದಲ್ಲಿ ಅಂಟಿಸಿ.

ಹಂತ 9: ಈಗ ಸೇಜ್

ವಿಲಿಯಂ ಸ್ಟೈನ್ 2005ರಲ್ಲಿ ಶುರು ಮಾಡಿದ ಸೇಜ್‌ನ ಅಭಿವೃದ್ಧಿ 2023ರಿಂದ ಗಿಟ್‌ಹಬ್‌ನಲ್ಲಿ ನಡೆಯುತ್ತಿದೆ. "ಟ್ರ್ಯಾಕ್ ಟಿಕೆಟ್ ತೆರೆಯಿರಿ" ಎನ್ನುವ ಬರಹ ಕಂಡರೆ ಅದು ಹಳೆಯದು, ಬಿಟ್ಟುಬಿಡಿ. ಟ್ರ್ಯಾಕ್ ಎಂಬುದು ಸೇಜ್‌ನ ಹಿಂದಿನ ತಾಣ. ಡೆವಲಪ್ ಎಂಬ ಬ್ರಾಂಚ್ ತೆಗೆದುಕೊಳ್ಳಿ. ಡಿಸ್ಕಿನಲ್ಲಿ 10 ಜಿಬಿಗಿಂತ ಹೆಚ್ಚು ಖಾಲಿ ಇರಲಿ.

ಅನಕೊಂಡಾ (ಪೈಥಾನ್ ಮತ್ತು ಅದರ ಲೈಬ್ರರಿಗಳ ಕಟ್ಟು) ಹಾಕಿಕೊಂಡವರು ಬೇಸ್ ಎನ್ವಿರಾನ್ಮೆಂಟನ್ನು ಡಿಆಕ್ಟಿವೇಟ್ ಮಾಡಿ ಶುರು ಮಾಡಿ. ಇಲ್ಲದಿದ್ದರೆ ಸಿಸ್ಟಂನ ಕಂಪೈಲರ್ ಅನಕೊಂಡಾದ ಲೈಬ್ರರಿಗಳನ್ನು ಹಿಡಿದುಕೊಂಡು ಅರ್ಥವಾಗದ ಎರರ್‌ಗಳು ಬರುತ್ತವೆ. ಎಲ್ಲವನ್ನೂ ಅನಕೊಂಡಾದ ಪ್ಯಾಕೇಜ್ ಕಮ್ಯಾಂಡ್ ಆದ ಕಾಂಡಾದಿಂದಲೇ ತಂದು, ಅದರ ಒಳಗೇ ಸೇಜ್ ಕಟ್ಟುವುದು ಬೇರೆ ದಾರಿ, ಅದೂ ಒಳ್ಳೆಯದೇ. ಎರಡನ್ನೂ ಬೆರೆಸಬೇಡಿ.

ಇಲ್ಲಿ ಕಾನ್ಫಿಗರ್ ಚಿಕ್ಕಕ್ಷರದ್ದು. ಗಿಟ್ ಪ್ರತಿಯಲ್ಲಿ ಅದು ಮೊದಲೇ ಇರುವುದಿಲ್ಲ, ಮೇಕ್ ಕಾನ್ಫಿಗರ್ ಕೊಟ್ಟು ತಯಾರಿಸಿಕೊಳ್ಳಬೇಕು. ಆಮೇಲೆ ./ಕಾನ್ಫಿಗರ್ ಕೊಡಿ. ಅದು ಓಡಿ ಮುಗಿದಾಗ ಕೊನೆಯಲ್ಲಿ, ಆಪ್ಟ್‌ನಿಂದ ಯಾವ ಯಾವ ಪ್ಯಾಕೇಜ್ ಹಾಕಿಕೊಂಡರೆ ಒಳ್ಳೆಯದೆಂದು ಪಟ್ಟಿ ಕೊಡುತ್ತದೆ. ಅವನ್ನು ಹಾಕಿ, ಕಾನ್ಫಿಗರ್ ಮತ್ತೊಮ್ಮೆ ಓಡಿಸಿ. ಸಿಸ್ಟಂನಲ್ಲಿ ಸಿಕ್ಕ ಒಂದೊಂದು ಪ್ಯಾಕೇಜೂ ನೀವು ಕಂಪೈಲ್ ಮಾಡಬೇಕಾದದ್ದನ್ನು ಕಡಿಮೆ ಮಾಡುತ್ತದೆ. ಗಂಟೆಗಳ ಉಳಿತಾಯ ಇಲ್ಲೇ ಇರುವುದು.

ಮೇಕ್‌ನಲ್ಲಿ ಒಂದು ಕೆಲಸಕ್ಕೆ 2 ಜಿಬಿ ರ‍್ಯಾಮ್ ಎಂಬ ಲೆಕ್ಕ ಹಿಡಿಯಿರಿ. 8 ಜಿಬಿ ಯಂತ್ರದಲ್ಲಿ -ಜೆ8 ಕೊಟ್ಟು, ಬ್ರೌಸರನ್ನೂ ತೆರೆದಿಟ್ಟರೆ ನಡುವೆ "ಕಿಲ್ಡ್" ಎಂದು ಬರುತ್ತದೆ. ಅದು ಕೋಡಿನ ದೋಷವಲ್ಲ, ರ‍್ಯಾಮ್ ಸಾಲದೆ ಲಿನಕ್ಸೇ ಕಂಪೈಲರನ್ನು ಕೊಂದದ್ದು. -ಜೆ2ಕ್ಕೆ ಇಳಿಸಿ ಮುಂದುವರಿಸಿ. ಬೇರೆ ಎರರ್ ಆದರೆ ಯಾವ ಪ್ಯಾಕೇಜ್ ಬಿದ್ದಿತೆಂದು ಕೊನೆಯಲ್ಲಿ ಹೇಳುತ್ತದೆ. ಲಾಗ್ಸ್ ಫೋಲ್ಡರಿನ ಪಿಕೆಜಿಎಸ್ ಒಳಗೆ ಅದರ ಹೆಸರಿನ ಲಾಗ್ ತೆರೆದು, ಮತ್ತೆ ಅದೇ ನಿಯಮ: ಮೊಟ್ಟಮೊದಲ ಎರರ್.

ಸೇಜ್‌ನಲ್ಲಿ ಪರೀಕ್ಷೆಗಳು ಫಂಕ್ಷನ್‌ನ ವಿವರಣೆಯ ಒಳಗೇ ಇರುತ್ತವೆ. ಉದಾಹರಣೆಯನ್ನೂ ಅದರ ಉತ್ತರವನ್ನೂ ಅಲ್ಲಿ ಬರೆದಿರುತ್ತಾರೆ, ./ಸೇಜ್ -ಟಿ ಎಂದು ಫೈಲಿನ ದಾರಿ ಕೊಟ್ಟರೆ ಅವೆಲ್ಲ ಓಡುತ್ತವೆ. ಉದಾಹರಣೆಯಿಲ್ಲದ ಹೊಸ ಫಂಕ್ಷನನ್ನು ಒಪ್ಪುವುದಿಲ್ಲ. ಕೋಡ್ ಮುಟ್ಟುವ ಮೊದಲು, ನೀವು ಬದಲಿಸಬೇಕೆಂದಿರುವ ಫೈಲಿನ ಪರೀಕ್ಷೆಗಳನ್ನು ಒಮ್ಮೆ ಓಡಿಸಿ ಫಲಿತಾಂಶ ಉಳಿಸಿಟ್ಟುಕೊಳ್ಳಿ. ಆಮೇಲೆ ಬಿದ್ದ ಪರೀಕ್ಷೆ ನಿಮ್ಮಿಂದ ಬಿದ್ದದ್ದೋ, ಮೊದಲೇ ಬಿದ್ದಿತ್ತೋ ಎಂಬುದಕ್ಕೆ ಅದೊಂದೇ ಸಾಕ್ಷಿ.